ನನ್ನ ಹೊಟ್ಟೆನೋವಿಗೆ ಹೆಸರು ಸಿಕ್ಕ ಕಥೆ

ನಮ್ಮ ವಿಜಯಪುರದ ಕಡೆ ಹೊಟ್ಟೆಯ ಎಲ್ಲ ಕಾಯಿಲೆಗೂ ಒಂದೇ ಹೆಸರು: ಗ್ಯಾಸ್ಟ್ರಿಕ್. ಎದೆ ಉರಿದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೆ ಗ್ಯಾಸ್ಟ್ರಿಕ್, ಊಟ ಸೇರದಿದ್ದರೂ ಗ್ಯಾಸ್ಟ್ರಿಕ್. ಔಷಧ ಅಂಗಡಿಯವರಿಗೆ ಚೀಟಿಯೂ ಬೇಕಿಲ್ಲ, ಹೊಟ್ಟೆ ಮೇಲೆ ಕೈ ಇಟ್ಟು ನಿಂತರೆ ಸಾಕು, ಮಾತ್ರೆ ಕೈಗೆ ಬರುತ್ತದೆ. ಆ ಮಾತ್ರೆಗೂ ಬಗ್ಗದ ಹೊಟ್ಟೆಯಾದರೆ ಅದಕ್ಕೆ ಎರಡನೇ ಹೆಸರು ಕಾದಿರುತ್ತದೆ: ಟೆನ್ಷನ್. ಅದರಲ್ಲೂ ಹೊಟ್ಟೆ ಹದಿನಾರು, ಹದಿನೇಳರ ಹುಡುಗಿಯದಾಗಿದ್ದರೆ ಎರಡನೇ ಹೆಸರು ಬಲುಬೇಗ ಬರುತ್ತದೆ.

ಈ ಎರಡು ಹೆಸರುಗಳ ನಡುವೆ ನಾನು ನಾಲ್ಕು ವರ್ಷ ಓಡಾಡಿದೆ. ನನ್ನ ಹಾಗೆ ಓಡಾಡುತ್ತಿರುವ ಗೆಳತಿಯರು, ಗೆಳೆಯರು ಇನ್ನೂ ಇದ್ದಾರೆಂದು ಗೊತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬಬಲೇಶ್ವರ ತಾಲ್ಲೂಕಿನ ಒಂದು ಹಳ್ಳಿ. ಹತ್ತನೇ ತರಗತಿ ಮುಗಿಸಿ 2019ರ ಜೂನ್‌ನಲ್ಲಿ ಪಿಯುಸಿಗೆಂದು ವಿಜಯಪುರ ಸೇರಿ ಹಾಸ್ಟೆಲಿನಲ್ಲಿ ಉಳಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಹೊಟ್ಟೆ ಕೆಟ್ಟಿತು. ಊಟವಾದ ಮೇಲೆ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ಬೇಧಿ. ಬೆಳಗಿನ ಮೊದಲ ಪಿರಿಯಡ್ಡಿನಲ್ಲಿ ಕೂರುವುದೇ ಒಂದು ಪರೀಕ್ಷೆ. ತೂಕ 46 ಕಿಲೊ ಇದ್ದದ್ದು ದೀಪಾವಳಿ ಹೊತ್ತಿಗೆ 40ಕ್ಕೆ ಇಳಿಯಿತು. ಬಾಚಣಿಗೆ ತುಂಬ ಕೂದಲು.

ಬಬಲೇಶ್ವರದಲ್ಲಿ ತೋರಿಸಿದ ಮೊದಲ ವೈದ್ಯರು ಜಂತುಹುಳದ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಅದು ತಪ್ಪಲ್ಲ, ಯಾರಾದರೂ ಅಲ್ಲಿಂದಲೇ ಶುರು ಮಾಡುತ್ತಾರೆ. ತೊಂದರೆ ಶುರುವಾದದ್ದು ಆಮೇಲೆ. ಎರಡನೆಯವರು, ಮೂರನೆಯವರು, ನಾಲ್ಕನೆಯವರು ಕೂಡ ಅದೇ ಮಾತ್ರೆ ಬರೆದರು. ಬ್ರ್ಯಾಂಡಿನ ಹೆಸರು ಮಾತ್ರ ಬೇರೆ. ಟಿಕೋಟಾದಲ್ಲಿ ಸೋದರಮಾವನ ಮನೆಗೆ ಹೋದಾಗ ಅಲ್ಲಿಯೂ ತೋರಿಸಿದೆವು. 'ಹಾಸ್ಟೆಲಿನ್ಯಾಗ ಮನಸ್ಸು ಹತ್ತಿಲ್ಲ, ಅದಕ್ಕ ಹಿಂಗ. ಊರಿಗೆ ಬಂದ್ರ ಆರಾಮ ಆಗತೈತಿಲ್ಲೊ?' ಎಂದು ಕೇಳಿದರು. ಹೌದು, ಊರಿಗೆ ಬಂದಾಗ ಆರಾಮವೇ ಆಗುತ್ತಿತ್ತು. 'ಮತ್ತೇನು, ಇದು ಹೊಟ್ಟಿ ಬ್ಯಾನಿ ಅಲ್ಲ, ಮನಿ ಬ್ಯಾನಿ' ಎಂದು ನಕ್ಕರು. ಅವ್ವನೂ ನಕ್ಕಳು. ನಾನು ನಗಲಿಲ್ಲ.

ನಗರದ ಇನ್ನೊಬ್ಬರು ನನ್ನ ಮುಖ ನೋಡದೆ ಅವ್ವನಿಗೇ ಹೇಳಿದರು: 'ಟೆನ್ಷನ್ ಜಾಸ್ತಿ ಮಾಡ್ಕೋತಾಳ. ಒಂದು ಮದುವಿ ಮಾಡ್ರಿ, ಎಲ್ಲಾ ಸರಿ ಹೋಗತೈತಿ.' ಆಗ ನನಗೆ 17 ವರ್ಷ.

ಮನೆಯವರದೂ ಒಂದೊಂದು ತೀರ್ಮಾನ. ಅಜ್ಜಿ ಬಟ್ಟಿ ಸರಿದಿದೆ ಎಂದು ಹೊಕ್ಕುಳ ಸುತ್ತ ತಿಕ್ಕಿಸಿದಳು. ದೃಷ್ಟಿ ತೆಗೆದದ್ದಾಯಿತು. ಟಿಕೋಟಾದ ಮಾವ ತನ್ನ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಿಯನ್ನೇ ಅನುಮಾನಿಸಿ ನನಗೆ ದ್ರಾಕ್ಷಿ ತಿನ್ನುವುದನ್ನು ಬಿಡಿಸಿದ. ಊರಿನ ಒಬ್ಬರು ಬೋರ್‌ವೆಲ್ ನೀರು ಎಂದರು. ಒಬ್ಬರು ಸೊಲ್ಲಾಪುರಕ್ಕೆ ಹೋಗಿ ಎಂದರೆ, ಇನ್ನೊಬ್ಬರು ಮಿರಜಿಗೆ. ನಮ್ಮ ಕಡೆ ದೊಡ್ಡ ಕಾಯಿಲೆ ಎಂದರೆ ಜನ ಬೆಂಗಳೂರಿನ ದಿಕ್ಕು ನೋಡುವುದಿಲ್ಲ, ಮಹಾರಾಷ್ಟ್ರದ ದಿಕ್ಕು ನೋಡುತ್ತಾರೆ. ಆದರೆ ಅಲ್ಲಿಗೆ ಹೋಗಲು 'ದೊಡ್ಡ ಕಾಯಿಲೆ' ಇದೆಯೆಂದು ಯಾರಾದರೂ ಮೊದಲು ಒಪ್ಪಬೇಕಲ್ಲ?

<b>ಲಾಕ್‌ಡೌನ್ ಕೊಟ್ಟ ಸುಳಿವು</b>

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಬಂದೆ. ಒಂದು ತಿಂಗಳಲ್ಲಿ ಬೇಧಿ ನಿಂತಿತು. ನಾಲ್ಕು ತಿಂಗಳಲ್ಲಿ ತೂಕ 45 ದಾಟಿತು. 'ಕಾಲೇಜಿಲ್ಲ, ಟೆನ್ಷನ್ ಇಲ್ಲ, ಹೊಟ್ಟಿ ಆರಾಮ' ಎಂದರು ಎಲ್ಲರೂ. 2021ರ ಜನವರಿಯಲ್ಲಿ ದ್ವಿತೀಯ ಪಿಯು ತರಗತಿಗಳು ಶುರುವಾದವು, ನನ್ನ ಹೊಟ್ಟೆನೋವೂ ಶುರುವಾಯಿತು. ಏಪ್ರಿಲ್ ಕೊನೆಗೆ ಎರಡನೇ ಅಲೆಗೆ ಮತ್ತೆ ಎಲ್ಲ ಬಂದ್. ಮತ್ತೆ ಊರು, ಮತ್ತೆ ಆರಾಮ. ಡಿಗ್ರಿಗೆ ಸೇರಿ ಹಾಸ್ಟೆಲಿಗೆ ಮರಳಿದ ಮೇಲೆ ಮತ್ತೆ ಅದೇ ಪಾಡು.

ಟೆನ್ಷನ್ ಎನ್ನುವವರ ಕೈಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಆದರೆ ನನಗೆ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ. ಲಾಕ್‌ಡೌನಿನಲ್ಲಿ ಊರಲ್ಲೇ ಇದ್ದಾಗಲೂ ನಾಗರ ಪಂಚಮಿ, ಗಣೇಶನ ಹಬ್ಬದ ಮರುದಿನಗಳಲ್ಲಿ ಹೊಟ್ಟೆ ಕೆಡುತ್ತಿತ್ತು. ಆಗ ಕಾಲೇಜೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಹೋಳಿಗೆ ತಿನ್ನುವುದಕ್ಕೆ ಯಾರಾದರೂ ಟೆನ್ಷನ್ ಮಾಡಿಕೊಳ್ಳುತ್ತಾರೆಯೇ? ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ತಿಂದದ್ದು, ಬಲಗಡೆ ಹೊಟ್ಟೆ ಪಾಡು, ಕೆಳಗೆ ತೂಕ.

ಆ ನೋಟ್‌ಬುಕ್ಕನ್ನು ಮೊದಲ ಬಾರಿ ಪೂರ್ತಿ ಓದಿದವರು ನಾನು ಭೇಟಿಯಾದ ಏಳನೇ ವೈದ್ಯೆ. ಅದು 2023ರ ಆಗಸ್ಟ್. ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಿದ್ದರಿಂದ ಬಬಲೇಶ್ವರದಿಂದ ವಿಜಯಪುರಕ್ಕೆ ಅವ್ವ ಬಂದುಹೋಗಲು ಟಿಕೆಟ್ಟಿನ ಚಿಂತೆ ಇರಲಿಲ್ಲ. ಇಲ್ಲದಿದ್ದರೆ ಏಳನೇ ಬಾಗಿಲು ತಟ್ಟುತ್ತಿದ್ದೆವೋ ಇಲ್ಲವೋ. ಆ ವೈದ್ಯೆ ಕಿರಿಯರು. ರಕ್ತದ ಹಳೆಯ ಚೀಟಿಗಳನ್ನು ಸಾಲಾಗಿ ಹಾಸಿ ಕೇಳಿದರು: 'ಹಿಮೋಗ್ಲೋಬಿನ್ ನಾಲ್ಕು ವರ್ಷದಿಂದ 8ರ ಆಸುಪಾಸೇ ಇದೆ. ಕಬ್ಬಿಣಾಂಶದ ಮಾತ್ರೆ ತಿಂದಿಲ್ಲವೇ?' ಶಾಲೆಯಲ್ಲಿ ವಾರಕ್ಕೊಂದು ಕೊಡುತ್ತಿದ್ದ ನೀಲಿ ಮಾತ್ರೆಯಿಂದ ಹಿಡಿದು ಇಲ್ಲಿಯವರೆಗೆ ತಿಂದಿದ್ದೆ. 'ತಿಂದರೂ ಏರಿಲ್ಲ ಅಂದರೆ ಅದು ಒಳಗೆ ಹೋಗ್ತಿಲ್ಲ. ಯಾಕೆ ಹೋಗ್ತಿಲ್ಲ ಅಂತ ನೋಡಬೇಕು' ಎಂದರು. ಆಮೇಲೆ ಇನ್ನೊಂದು ಪ್ರಶ್ನೆ: 'ಮನೆಯಲ್ಲಿ ಏನು ಊಟ, ಹಾಸ್ಟೆಲಿನಲ್ಲಿ ಏನು ಊಟ?'

ಮನೆಯಲ್ಲಿ ಎರಡು ಹೊತ್ತು ಬಿಳಿಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು. ಹಾಸ್ಟೆಲಿನಲ್ಲಿ ಬೆಳಿಗ್ಗೆ ಗೋಧಿ ರವೆಯ ಉಪ್ಪಿಟ್ಟು, ಎರಡು ಹೊತ್ತು ಚಪಾತಿ, ಸಂಜೆ ಬಿಸ್ಕತ್ತು. ಹಬ್ಬಕ್ಕೆ ಹೋಳಿಗೆ, ಶಾವಿಗೆ, ಗೋಧಿ ಹುಗ್ಗಿ. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು.

ಟಿಟಿಜಿ ಎಂಬ ರಕ್ತಪರೀಕ್ಷೆ ಬರೆದರು. ಇರಬೇಕಾದ ಮಿತಿಗಿಂತ ಹತ್ತಾರು ಪಟ್ಟು ಹೆಚ್ಚು ಬಂತು. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಆರಂಭದ ಭಾಗದಿಂದ ಚೂರು ತೆಗೆದು ಪರೀಕ್ಷಿಸಿದರು. ವರದಿಯಲ್ಲಿ ಕಾಯಿಲೆಯ ಹೆಸರಿತ್ತು: ಸೀಲಿಯಾಕ್.

ಆ ದಿನ ನಾನು ಅತ್ತೆ. ಕಾಯಿಲೆ ಇದೆ ಎಂಬ ದುಃಖಕ್ಕಲ್ಲ, ಅದು ನಿಜವಾಗಿಯೂ ಇತ್ತಲ್ಲ ಎಂಬ ನೆಮ್ಮದಿಗೆ.

<b>ಬ್ರೆಡ್ ಸಿಗದ ಚಳಿಗಾಲ</b>

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟಿಗೆ ಆ ಎಳೆತ, ಜಿಗುಟು ಬರುವುದು ಅದರಿಂದಲೇ. ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಈ ಗ್ಲುಟೆನ್ ಕಂಡ ಕೂಡಲೇ ಕೆರಳಿ ತನ್ನದೇ ಸಣ್ಣ ಕರುಳಿನ ಮೇಲೆ ಎರಗುತ್ತದೆ. ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಸಣ್ಣ ಸಣ್ಣ ಎಸಳುಗಳಿರುತ್ತವೆ. ಆಹಾರದ ಸತ್ವ ಹೀರುವುದು ಅವೇ. ಅವು ಸವೆದು ಚಪ್ಪಟೆಯಾದರೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಕಬ್ಬಿಣಾಂಶ ಹೀರಿಕೊಳ್ಳುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಏಟು ಬೀಳುವುದೂ ಅಲ್ಲಿಗೇ. ನನ್ನ ಮಾತ್ರೆಗಳೆಲ್ಲ ಎಲ್ಲಿ ಹೋದವೆಂದು ಆಗ ತಿಳಿಯಿತು. ಇದು ಅಲರ್ಜಿಯಲ್ಲ, ಅಂಟುರೋಗವೂ ಅಲ್ಲ. ವಂಶವಾಹಿಯಲ್ಲಿ ಬರುವ ಒಲವು.

ಈ ಕಾಯಿಲೆಯ ಚರಿತ್ರೆ ಓದಿದಾಗ ನನ್ನ ಲಾಕ್‌ಡೌನ್ ನೆನಪಾಯಿತು. 1888ರಲ್ಲೇ ಲಂಡನ್ನಿನ ವೈದ್ಯ ಸ್ಯಾಮುಯೆಲ್ ಗೀ ಈ ಕಾಯಿಲೆಯನ್ನು ವಿವರಿಸಿ, ಗುಣವಾಗುವುದಿದ್ದರೆ ಆಹಾರದಿಂದಲೇ ಎಂದಿದ್ದರು. ಯಾವ ಆಹಾರ ಎಂಬುದು ಅವರಿಗೆ ತಿಳಿಯಲಿಲ್ಲ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರಿಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಅನುಮಾನವಿತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಭೀಕರ ಕ್ಷಾಮ ಬಂತು. ಬ್ರೆಡ್ ಸಿಗಲಿಲ್ಲ. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ ಬಂದಾಗ ಅದೇ ಮಕ್ಕಳು ಮತ್ತೆ ಮಲಗಿದರು. 1950ರಲ್ಲಿ ಡಿಕ್ಕೆ ತಮ್ಮ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ಸಾಧಿಸಿ ತೋರಿಸಿದರು. ಅವರ ಆಸ್ಪತ್ರೆಯ ಮಕ್ಕಳಿಗೆ ಯುದ್ಧ ಮಾಡಿದ ಪರೀಕ್ಷೆಯನ್ನು ನನಗೆ ಕೊರೊನಾ ಮಾಡಿತ್ತು. ಫಲಿತಾಂಶ ಓದುವವರು ಬೇಕಿತ್ತು, ಅಷ್ಟೆ.

ಹೊಟ್ಟೆಯ ಕಾಯಿಲೆಯನ್ನು ಟೆನ್ಷನ್ ತಲೆಗೆ ಕಟ್ಟುವುದೂ ಹೊಸದಲ್ಲ. ಹೊಟ್ಟೆ ಹುಣ್ಣು ಬರುವುದು ಒತ್ತಡದಿಂದ, ಖಾರದಿಂದ ಎಂದು ಜಗತ್ತಿನ ವೈದ್ಯರೆಲ್ಲ ದಶಕಗಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅದಕ್ಕೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದಾಗ ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

<b>ಯಾಕೆ ಯಾರಿಗೂ ಹೊಳೆಯಲಿಲ್ಲ?</b>

ಸಿಟ್ಟು ಇಳಿದ ಮೇಲೆ ಈ ಪ್ರಶ್ನೆಯನ್ನು ನಾನು ತುಂಬ ಸಲ ಕೇಳಿಕೊಂಡಿದ್ದೇನೆ. ಮೊದಲ ಕಾರಣ, ಇದು 'ಪಂಜಾಬಿನ ಕಾಯಿಲೆ' ಎಂಬ ಭಾವನೆ. ಅದಕ್ಕೆ ಆಧಾರವೂ ಇದೆ. 2016ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಪರೀಕ್ಷಿಸಿದ ವಯಸ್ಕರಲ್ಲಿ ಶೇ 1.23ರಷ್ಟು ಮಂದಿಯ ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯಗಳು ಕಂಡುಬಂದರೆ, ದಕ್ಷಿಣದಲ್ಲಿ ಶೇ 0.10. ಅಂದರೆ ಸಾವಿರಕ್ಕೆ ಒಬ್ಬರು. ಆದರೆ ದಕ್ಷಿಣ ಎಂದರೆ ಅನ್ನ, ಸಾಂಬಾರ್ ಅಷ್ಟೇ ಅಲ್ಲವಲ್ಲ. ನಮ್ಮ ಜಿಲ್ಲೆ ಗೋಧಿ ಬೆಳೆಯುವ ನೆಲ. ಹಿಂದೆ ಹಬ್ಬಕ್ಕೆ ಮಾತ್ರ ಒಲೆ ಏರುತ್ತಿದ್ದ ಗೋಧಿ ಈಗ ಹಾಸ್ಟೆಲು, ಹೋಟೆಲು, ಬೇಕರಿಗಳಿಂದಾಗಿ ದಿನಕ್ಕೆ ಮೂರು ಹೊತ್ತಿನದಾಗಿದೆ. ಆ ಪ್ರತಿಕಾಯಗಳಿರುವವರು ಸಾವಿರಕ್ಕೆ ಒಬ್ಬರೇ ಎಂದರೂ ಒಂದು ದೊಡ್ಡ ಕಾಲೇಜಿಗೆ ಅಂಥವರು ಒಬ್ಬರೋ ಇಬ್ಬರೋ ಇರಬೇಕು.

ಎರಡನೇ ಕಾರಣ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಎಲ್ಲರಿಗೂ ಇರುವುದು ಯಾರಿಗೂ ಕಾಣುವುದಿಲ್ಲ. 'ಹುಡುಗೂರಿಗೆ ಇದು ಇರೋದೇ' ಎಂದು ನನ್ನ ಚೀಟಿಯನ್ನು ಮಡಚಿ ಕೊಟ್ಟವರಿದ್ದಾರೆ.

ಮೂರನೆಯದು ಸಮಯ. ಹೊರರೋಗಿ ವಿಭಾಗದ ಸಾಲು ನೋಡಿದವರಿಗೆ ಹೇಳಬೇಕಾಗಿಲ್ಲ. ನಮ್ಮ ದೇಶದಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಎರಡು ನಿಮಿಷದ ಆಸುಪಾಸು ಎಂದು ಅಧ್ಯಯನವೊಂದು ಹೇಳಿದೆ. ಎರಡು ನಿಮಿಷದಲ್ಲಿ 'ಮನೆಯಲ್ಲಿ ಏನು ಊಟ' ಎಂದು ಕೇಳಲು ಪುರುಸೊತ್ತೆಲ್ಲಿ? ಆದರೂ ಒಂದು ಮಾತು. ಸಮಯ ಇಲ್ಲದಿರುವುದು ಬೇರೆ, ಇರುವ ಎರಡು ನಿಮಿಷದಲ್ಲಿ 'ನಿನಗೇನೂ ಆಗಿಲ್ಲ' ಎನ್ನುವುದು ಬೇರೆ. 'ನನಗೆ ಗೊತ್ತಾಗುತ್ತಿಲ್ಲ, ಬೇರೆಯವರಿಗೆ ತೋರಿಸಿ' ಎನ್ನಲು ಎರಡು ನಿಮಿಷವೂ ಬೇಡ.

<b>ನಿಮ್ಮ ಹೊಟ್ಟೆಯೂ ಹೀಗೇ ಇದ್ದರೆ</b>

ಎಲ್ಲರ ಹೊಟ್ಟೆನೋವೂ ಸೀಲಿಯಾಕ್ ಅಲ್ಲ. ಐಬಿಎಸ್ ಎಂಬ ಕಾಯಿಲೆಯಲ್ಲಿ ಕರುಳಿಗೆ ಗಾಯವಿರುವುದಿಲ್ಲ, ಆದರೆ ನೋವು ನಿಜವಾದದ್ದೇ. ಒತ್ತಡದಿಂದ ಅದು ಹೆಚ್ಚುವುದೂ ನಿಜ. ಅದಕ್ಕೂ ಲಕ್ಷಣಗಳ ಲೆಕ್ಕವಿದೆ, ಚಿಕಿತ್ಸೆಯಿದೆ. 'ಏನೂ ಇಲ್ಲ' ಎಂಬುದರ ಇಂಗ್ಲಿಷ್ ಹೆಸರು ಅದಲ್ಲ. ಕರುಳಿನ ಕ್ಷಯ, ಕ್ರೋನ್ಸ್ ಕಾಯಿಲೆಗಳೂ ಇವೆ. ಇವೆರಡೂ ಒಂದನ್ನೊಂದು ಎಷ್ಟು ಹೋಲುತ್ತವೆ ಎಂದರೆ ಪರಿಣತರೇ ಗೊಂದಲಕ್ಕೆ ಬೀಳುತ್ತಾರೆ.

ಕೆಲವು ಲಕ್ಷಣಗಳಿದ್ದರೆ ಮಾತ್ರ 'ಟೆನ್ಷನ್' ಎಂಬ ಉತ್ತರಕ್ಕೆ ತಲೆಯಾಡಿಸಿ ಬರಬೇಡಿ. ಪ್ರಯತ್ನಪಡದೆ ತೂಕ ಇಳಿಯುವುದು, ಮಾತ್ರೆಗೆ ಜಗ್ಗದ ರಕ್ತಹೀನತೆ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಬೇಧಿ ಅಥವಾ ನೋವು, ಬಿಡದ ಜ್ವರ, ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇರುವುದು, ಮಕ್ಕಳಾದರೆ ಎತ್ತರ ಏರದಿರುವುದು. ಇವುಗಳಲ್ಲಿ ಒಂದಿದ್ದರೂ ಮುಂದಿನ ಪರೀಕ್ಷೆ ಕೇಳುವ ಹಕ್ಕು ನಿಮಗಿದೆ.

ಹೋಗುವಾಗ ಒಂದೇ ಒಂದು ಹಾಳೆ ಬರೆದುಕೊಂಡು ಹೋಗಿ. ಯಾವಾಗ ಶುರುವಾಯಿತು, ತೂಕ ಎಷ್ಟಿತ್ತು, ಈಗೆಷ್ಟು, ಏನು ತಿಂದರೆ ಏನಾಗುತ್ತದೆ, ಈವರೆಗೆ ಯಾವ ಮಾತ್ರೆ. ಹಳೆಯ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ. ಬೇಧಿ, ಮಲ ಎಂಬ ಪದಗಳನ್ನು ಹೇಳಲು ಅಪ್ಪನ ಎದುರಿಗೆ ನಾಚಿಕೆಯಾದರೆ ಹಾಳೆಯೇ ಮಾತಾಡುತ್ತದೆ. 'ಗ್ಯಾಸ್ಟ್ರಿಕ್' ಎಂದರೆ ಜಗಳ ಆಡಬೇಡಿ. 'ಸರ್, ಈ ಮಾತ್ರೆಗೆ ಕಡಿಮೆ ಆಗದಿದ್ದರೆ ಮುಂದೆ ಏನು ನೋಡಬೇಕು?' ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಕೊಡುವವರು ಒಳ್ಳೆಯ ವೈದ್ಯರು.

ಇನ್ನೊಂದು ಎಚ್ಚರ ಬಹಳ ಮುಖ್ಯ. ಇದನ್ನು ಓದಿ ಅನುಮಾನ ಬಂದರೂ ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತದಲ್ಲಿನ ಗುರುತು ಮಾಯವಾಗಿ, ಕರುಳು ಚೇತರಿಸಿಕೊಂಡು ಪರೀಕ್ಷೆಯಲ್ಲಿ 'ಇಲ್ಲ' ಎಂದು ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

<b>ಗಿರಣಿಯ ಸಮಸ್ಯೆ</b>

ಸೀಲಿಯಾಕ್‌ಗೆ ಮಾತ್ರೆಯಿಲ್ಲ. ಬದುಕಿರುವವರೆಗೆ ಗ್ಲುಟೆನ್ ಮುಟ್ಟದಿರುವುದೇ ಔಷಧ. ದೆಹಲಿ, ಪಂಜಾಬಿನವರಿಗೆ ಇದು ಕಷ್ಟದ ಮಾತು. ನಮಗೆ? ಜೋಳ, ಸಜ್ಜೆ, ನವಣೆ, ರಾಗಿ, ಅಕ್ಕಿ, ಮೆಕ್ಕೆಜೋಳ ಯಾವುದರಲ್ಲೂ ಅದಿಲ್ಲ. ನುಚ್ಚು, ಅಂಬಲಿ, ಜೋಳದ ಕಡುಬು, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಚುರುಮುರಿ ಸೂಸಲ ಎಲ್ಲವೂ ನನ್ನವೇ. ಮಾಲ್‌ಗಳಲ್ಲಿ ದುಬಾರಿ ಬೆಲೆಗೆ ಮಾರುವ 'ಗ್ಲುಟೆನ್ ಫ್ರೀ' ಹಿಟ್ಟು ನಮ್ಮ ಮನೆಯ ಹಗೇವಿನಲ್ಲೇ ಇತ್ತು. 'ನಾ ಮೊದಲ ಹೇಳಿದ್ದಿಲ್ಲೇನು, ರೊಟ್ಟಿ ಉಣ್ಣಂತ' ಎಂದು ಅಜ್ಜಿ ಈಗಲೂ ಬೀಗುತ್ತಾಳೆ.

ಆದರೂ ಅಷ್ಟು ಸಲೀಸಲ್ಲ. ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ನಮ್ಮ ಜೋಳ ಹಾಕಿದರೆ ಆ ಹಿಟ್ಟಿನಲ್ಲಿ ಗೋಧಿಯೂ ಬರುತ್ತದೆ. ಗೋಧಿ ಬಿಟ್ಟು ಮೂರು ತಿಂಗಳಾದರೂ ನನ್ನ ಹೊಟ್ಟೆ ಪೂರ್ತಿ ಸರಿಯಾಗದೆ ಇದ್ದದ್ದಕ್ಕೆ ಇದೇ ಕಾರಣ. ಟಿಕೋಟಾದ ಮಾವ ಆ ವರ್ಷ ಒಣದ್ರಾಕ್ಷಿ ಮಾರಿ ಬಂದ ದುಡ್ಡಿನಲ್ಲಿ ಮನೆಯಲ್ಲಿಡುವ ಸಣ್ಣ ಗಿರಣಿ ಕೊಡಿಸಿದ. ಪುಡಿ ಇಂಗಿನಲ್ಲಿ ಮೈದಾ ಬೆರೆಸಿರುತ್ತಾರೆ, ಡಬ್ಬಿಯ ಹಿಂದೆ ಓದಿ ನೋಡಿ. ಮಿರ್ಚಿ ಭಜಿ ಕಡಲೆಹಿಟ್ಟಿನದೇ, ಆದರೆ ಅದೇ ಎಣ್ಣೆಯಲ್ಲಿ ಸಮೋಸಾ ಕರಿದಿದ್ದರೆ ನನಗೆ ಆಗದು. 'ಜವೆ ಗೋಧಿ ಹಳೇ ತಳಿ, ಅದು ಚೊಲೊ' ಎಂದು ಸಲಹೆ ಕೊಡುವವರು ಬಹಳ. ಸಕ್ಕರೆ ಕಾಯಿಲೆಯವರ ಮಾತು ಬೇರೆ, ಸೀಲಿಯಾಕ್ ಇದ್ದವರಿಗೆ ಜವೆ ಗೋಧಿಯೂ ಗೋಧಿಯೇ. ಮದುವೆ ಮನೆಯಲ್ಲಿ 'ಒಂದ ತುತ್ತು ಹೋಳಗಿ ತಿಂದ್ರ ಏನಾಗತೈತಿ?' ಎನ್ನುವವರಿಗೆ ಉತ್ತರ ಹೇಳಿ ಹೇಳಿ ನಾಲಿಗೆ ಸವೆದಿದೆ. ಹಾಸ್ಟೆಲಿನ ಅಡುಗೆಯ ಅಕ್ಕ ಮಾತ್ರ ಏನನ್ನೂ ಕೇಳದೆ ನನಗೊಂದು ಬೇರೆ ಹಂಚು ಇಟ್ಟಳು.

ಈಗ ನನ್ನ ತೂಕ 51. ಹಿಮೋಗ್ಲೋಬಿನ್ 12 ದಾಟಿದೆ, ಅದೇ ಕಬ್ಬಿಣದ ಮಾತ್ರೆಯಿಂದ.

ರಕ್ತಸಂಬಂಧಿಗಳಲ್ಲಿ ಈ ಕಾಯಿಲೆಯ ಸಾಧ್ಯತೆ ಹೆಚ್ಚಿರುವುದರಿಂದ ಮನೆಯವರೆಲ್ಲರ ರಕ್ತ ಪರೀಕ್ಷಿಸಲು ವೈದ್ಯೆ ಹೇಳಿದ್ದರು. ಅಪ್ಪ, ಅವ್ವನಿಗೆ ಇರಲಿಲ್ಲ. 11 ವರ್ಷದ ತಂಗಿಗೆ ಇತ್ತು. ಅವಳಿಗೆ ಬೇಧಿಯಿಲ್ಲ, ಹೊಟ್ಟೆನೋವಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ, ಅಷ್ಟೇ. ಅದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ನನ್ನ ಕಾಯಿಲೆಗೆ ಹೆಸರು ಸಿಗಲು ನಾಲ್ಕು ವರ್ಷ, ಏಳು ವೈದ್ಯರು ಬೇಕಾದರು. ಅವಳಿಗೆ ಬೇಕಾದದ್ದು ಆರು ವಾರ. ಒಂದೂವರೆ ವರ್ಷದಲ್ಲಿ ಎರಡು ಸಲ ಸಮವಸ್ತ್ರ ಹೊಲಿಸಬೇಕಾಯಿತು ಎಂದು ಅವ್ವ ಈಗ ಎಲ್ಲರ ಮುಂದೆ ದೂರು ಹೇಳುತ್ತಾಳೆ.